ಕರಿ ಬಾಟಲಿಯ ಹನ್ನೊಂದು ದಿನ

ನಮ್ಮ ಮನೆಯ ಅಯ್ಯನವರು ತುತ್ತನ್ನು ಬಾಯಿಗಿಟ್ಟರೆ ಅವರ ಎರಡೂ ಕಿವಿಗಳು ಅಲುಗುತ್ತಿದ್ದವು. ಅಡುಗೆ ಹದವಾಗಿದ್ದರೆ ಮೇಲಕ್ಕೆ, ಕೆಟ್ಟಿದ್ದರೆ ಹಿಂದಕ್ಕೆ. ಜೋತುಬಿದ್ದ ದೊಡ್ಡ ಕಿವಿಗಳು, ಅಂಚಿನಲ್ಲಿ ಬಿಳಿಯ ಕೂದಲು. ನಾನು ಜಳಕೋಟದಿಂದ ವಲಾಂಡಿಗೆ ಸೊಸೆಯಾಗಿ ಬಂದ ಮೊದಲ ವಾರ ಅವರಿಗೆ ಊಟ ಬಡಿಸಿ ಬಾಗಿಲ ಮರೆಯಲ್ಲಿ ನಿಂತಿದ್ದೆ. ಅತ್ತೆ ನನ್ನ ಸೊಂಟಕ್ಕೆ ತಿವಿದು, "ಮಾರಿ ನೋಡಬ್ಯಾಡ, ಕಿವಿ ನೋಡು" ಎಂದು ಪಿಸುಗುಟ್ಟಿದರು. ಅಂದು ಕಿವಿಗಳು ಹಿಂದಕ್ಕೆ ಹೋದವು.

"ಬ್ಯಾಳಿ ಛಲೋ ಬೆಂದಾವ. ಒಗ್ಗರಣಿ ಜರಾ ಹೊತ್ತದ. ಹೊಸ ಸೊಸಿ ಮಾಡ್ಯಾಳೇನ್ರಿ?" ಎಂದರು ಅಯ್ಯನವರು. ಬೈಗುಳವಿರಲಿಲ್ಲ ಅದರಲ್ಲಿ. ಇದ್ದದ್ದನ್ನು ಹೇಳಿ, ತಟ್ಟೆಯಲ್ಲಿದ್ದುದನ್ನೆಲ್ಲ ಉಂಡು, ತಟ್ಟೆಯನ್ನು ತೊಳೆದು ಆ ನೀರನ್ನೂ ಕುಡಿದು ಎದ್ದರು.

ಅವರು ಜಂಗಮರು. ನಮ್ಮ ಕಡೆಯ ಲಿಂಗವಂತ ಒಕ್ಕಲು ಮನೆಗಳಲ್ಲಿ ಕೂಸು ಹುಟ್ಟಿದರೆ ಲಿಂಗ ಕಟ್ಟುವುದಕ್ಕೆ, ಮದುವೆಗೆ, ಸಾವಿಗೆ, ಎಲ್ಲಕ್ಕೂ ಅವರೇ ಬರಬೇಕು. ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಊರ ಮಠದ ಹಿಂದಿನ ಒಂದು ಕೋಣೆ, ಒಂದು ಜೋಳಿಗೆ, ಎರಡು ಕಾವಿ ಧೋತರ ಅವರ ಆಸ್ತಿ. ಬೆಳಿಗ್ಗೆ ಭಿಕ್ಷೆಗೆ ಬಂದು ಜೋಳಿಗೆಗೆ ಬಿದ್ದ ಹಿಟ್ಟನ್ನು ಚಿಟಿಕೆ ತೆಗೆದು ನಾಲಿಗೆಯ ಮೇಲಿಟ್ಟುಕೊಂಡು, "ಇದು ನಾಲಾದ ಆಚಿ ಹೊಲದ ಜ್ವಾಳ, ಹೌದಲ್ಲೋ?" ಎನ್ನುತ್ತಿದ್ದರು. ತಪ್ಪಿದ್ದನ್ನು ನಾನು ಕಾಣೆ. ಓಣಿಯ ಹೆಂಗಸರು ಅವರನ್ನು ಸೋಲಿಸಬೇಕೆಂದು ಎರಡು ಹೊಲದ ಹಿಟ್ಟು ಬೆರೆಸಿ ಹಾಕಿದರೆ, "ಇವತ್ತ ಯಾರೋ ಮಷ್ಕಿರಿ ಮಾಡ್ಯಾರ" ಎಂದು ನಗುತ್ತಿದ್ದರು.

ಅವರ ಬಾಯಲ್ಲಿ ಒಂದು ಮಾತು ಆಗಾಗ ಬರುತ್ತಿತ್ತು: "ಮಾತಾಡೂಮುಂದಷ್ಟೇ ಅಲ್ಲವ್ವಾ, ಉಣ್ಣೂಮುಂದೂ ಸುಳ್ಳ ಹೇಳಬಾರದು." ಇದು ಎಲ್ಲರಿಗೂ ಹಿಡಿಸುತ್ತಿರಲಿಲ್ಲ. ಒಮ್ಮೆ ನನ್ನ ಮಾವ ಮಠದ ಊಟಕ್ಕೆ ಒಂದು ಕೊಡ ತುಪ್ಪ ಕೊಟ್ಟರು. ಪಂಕ್ತಿಯಲ್ಲಿ ಕುಳಿತ ನೂರಾರು ಜನರ ಎದುರಿಗೆ ಅಯ್ಯನವರು ಮೊದಲ ತುತ್ತು ನುಂಗಿ, "ತುಪ್ಪ ಹಳೀದದ ಗೌಡ್ರ, ಕಮಟು ವಾಸನಿ ಬಂದದ" ಎಂದುಬಿಟ್ಟರು. ಮಾವ ನಕ್ಕರು. ಆದರೆ ಮನೆಗೆ ಬಂದು ಪೇಟ ಬಿಚ್ಚಿ ಗೂಟಕ್ಕೆ ಹಾಕದೆ ನೆಲಕ್ಕೆ ಒಗೆದರು. ನಾನು ನೋಡಿದ್ದೆ.

ಮದುವೆಯಾದ ಎರಡನೆಯ ವರ್ಷ ನನಗೆ ಹೆಣ್ಣು ಕೂಸು ಹುಟ್ಟಿತು. ಮೂರು ದಿನ ಹೆರಿಗೆ ಬೇನೆ. ಕೂಸು ಗಟ್ಟಿಯಾಗಿತ್ತು, ನಾನು ಮಾತ್ರ ಖಾಲಿಯಾಗಿದ್ದೆ. ನೆತ್ತರು ನಿಲ್ಲಲು ಒಂದು ವಾರ ಹಿಡಿಯಿತು. ಆಮೇಲೆ ಜ್ವರ. ಗಂಜಿ ಕುಡಿದರೂ ಹೊರಗೆ ಬರುತ್ತಿತ್ತು. ಎದೆಯಲ್ಲಿ ಹಾಲಿರಲಿಲ್ಲ, ಕೂಸಿಗೆ ಆಡಿನ ಹಾಲನ್ನು ಬಟ್ಟೆಯಲ್ಲಿ ಅದ್ದಿ ಚೀಪಿಸುತ್ತಿದ್ದರು. ಊರ ವೈದ್ಯ ಕೈಚೆಲ್ಲಿದ ಮೇಲೆ ಮಾವ ಗಾಡಿ ಕಟ್ಟಿಸಿದರು. ಉದಗೀರದಲ್ಲಿ ಸರಕಾರಿ ದವಾಖಾನೆ ಇತ್ತು. ಗಾಡಿಯಲ್ಲಿ ನಾನು, ಕೂಸು, ಅತ್ತೆ, ಮಾವ ಮತ್ತು ಅಯ್ಯನವರು. ನನ್ನ ಗಂಡ ಬಿತ್ತನೆಗೆಂದು ಊರಲ್ಲೇ ಉಳಿದ. ಅಯ್ಯನವರು ಯಾಕೆ ಬಂದರೆಂದು ನನಗೆ ಆಗ ಹೊಳೆಯಲಿಲ್ಲ. ದಾರಿಯಲ್ಲಿ ನನ್ನ ಜೀವ ಹೋದರೆ ಕ್ರಿಯೆ ನಡೆಸಲು ಒಬ್ಬರು ಬೇಕಿತ್ತು. ಅದಕ್ಕೇ ಅವರನ್ನು ಕರೆತಂದಿದ್ದರಂತೆ.

ದವಾಖಾನೆಯ ಡಾಕ್ಟರು ಹೈದರಾಬಾದಿನವರು, ನಮಾಜು ತಪ್ಪಿಸದ ಮುಸಲ್ಮಾನರು. ನನ್ನ ಕಣ್ಣರೆಪ್ಪೆ ಎಳೆದು ನೋಡಿದರು, ಉಗುರು ನೋಡಿದರು, ಒಂದು ಪುಡಿ ಕೊಟ್ಟರು. ಮರುದಿನ ಮಧ್ಯಾಹ್ನ ಒಂದು ಕಪ್ಪು ಬಾಟಲಿ ತಂದು ನನ್ನ ಮಂಚದ ಪಕ್ಕದ ಕಿಟಕಿಯಲ್ಲಿಟ್ಟರು. ಆಗ ಉದಗೀರದ ಹತ್ತಿರ ರೈಲು ಹಳಿ ಹಾಕುವ ಕೆಲಸ ನಡೆದಿತ್ತು. ಅಲ್ಲಿನ ಗೋರಾ ಇಂಜಿನಿಯರು, ಬಿಳಿಯವನು, ತನ್ನ ದೇಶಕ್ಕೆ ಮರಳುವಾಗ ಇಂಥ ನಾಲ್ಕು ಬಾಟಲಿಗಳನ್ನು ದವಾಖಾನೆಗೆ ಬಿಟ್ಟುಹೋಗಿದ್ದನಂತೆ. ವಿಲಾಯತಿನಲ್ಲಿ ನೆತ್ತರು ಕಳೆದುಕೊಂಡ ಬಾಣಂತಿಯರಿಗೆ ಇದನ್ನು ಕೊಡುತ್ತಾರೆ, ದಿನಕ್ಕೆ ಒಂದು ಬಟ್ಟಲು, ಎಂದರು ಡಾಕ್ಟರು.

ಮಾವ ಕೇಳಿದರು, "ಏನ್ ಸಾಹೇಬ್ರ, ಶರಾಬೇನು?"

ಡಾಕ್ಟರು ಸುಳ್ಳು ಹೇಳಲಿಲ್ಲ. ಜವೆಗೋಧಿಯನ್ನು ಮೊಳಕೆ ಬರಿಸಿ, ಕಪ್ಪಗೆ ಹುರಿದು, ಕೊಳೆಸಿ ಮಾಡುವ ಬಿಯರು. ಅದರಲ್ಲೂ ಇದು ಭಾರಿ ಜಾತಿ. ರೂಸ್ ದೇಶದ, ಅಂದರೆ ರಷ್ಯಾದ, ಬಾದಶಹನ ದರಬಾರಿಗೆಂದು ಮೊದಲು ಮಾಡಿದ್ದಂತೆ, ದಾರಿಯ ಚಳಿಗೆ ಕೆಡಬಾರದೆಂದು ಇಷ್ಟು ಗಡಸು. "ಮೇರೇಕೂ ಭೀ ಹರಾಮ್ ಹೈ ಜೀ," ಎಂದರು ತಮ್ಮ ಎದೆ ಮುಟ್ಟಿಕೊಂಡು, ನನಗೂ ಇದು ನಿಷಿದ್ಧವೇ ಎಂದು. "ಮಗರ್ ಬಚ್ಚೀ ಮರ್ ಜಾಯೇಗೀ." ಹುಡುಗಿ ಸಾಯುತ್ತಾಳೆ.

ಮಾವ ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತರು. ಅತ್ತೆ ಅಳತೊಡಗಿದರು. ನಾನು ಹಲ್ಲು ಕಚ್ಚಿಕೊಂಡೆ. ಕೊರಳಲ್ಲಿ ಲಿಂಗವಿತ್ತು. ಅದರ ಮೇಲೆ ಕೈಯಿಟ್ಟುಕೊಂಡು ಗೋಡೆಯ ಕಡೆಗೆ ಹೊರಳಿದೆ. ಸತ್ತರೂ ಸರಿ ಎಂದು ಹಟ ಮಾಡುವಷ್ಟು ಶಕ್ತಿ ಇತ್ತು, ಬದುಕುತ್ತೇನೆ ಎನ್ನುವಷ್ಟು ಇರಲಿಲ್ಲ.

ಅಯ್ಯನವರು ಮಾವನ ಹತ್ತಿರ ಹೋಗಿ, "ದವಾ ಅಂದಮ್ಯಾಲ ದವಾ. ಕುಡಸೋಣ್ರಿ" ಎಂದರು. ಬಾಗಿಲು ತೆರೆದೇ ಇತ್ತು, ನನಗೆಲ್ಲ ಕೇಳುತ್ತಿತ್ತು.

"ಹಂಗಾರ ನೀವ ಕುಡೀರಿ ಮೊದಲ," ಎಂದರು ಮಾವ. "ನಮ್ಮ ಗುರುಗಳು ನೀವು. ನಿಮಗ ನಡದ್ರ ನಮಗೂ ನಡೀತದ."

ಹಂಗಿಸಿ ಆಡಿದ ಮಾತು ಅದು. ಅಯ್ಯನವರು ಒಳಗೆ ಬಂದರು. ಹಿಂದೆಯೇ ಬಂದ ಅತ್ತೆ ಕೈಮುಗಿದು, "ಲಿಂಗಕ್ಕ ತೋರಿಸಿ ಕೊಡ್ರಿ ಅಯ್ಯನೋರ, ಪ್ರಸಾದ ಆಗ್ತದ. ಪ್ರಸಾದಕ್ಕ ದೋಷ ಎಲ್ಲೀದು?" ಎಂದರು. ಅಯ್ಯನವರು ತಲೆಯಾಡಿಸಿದರು. "ಇಲ್ಲವ್ವಾ. ಅಂವಗ ಮೋಸ ಮಾಡೂದು ಬ್ಯಾಡ. ಇದು ದವಾ. ದವಾ ಅಂತನ ಕುಡೀತೀನಿ."

ನನ್ನ ಮಂಚದ ಹತ್ತಿರ ಮಣೆ ಎಳೆದುಕೊಂಡು ಕುಳಿತು ಡಾಕ್ಟರು ಕೊಟ್ಟ ಪಿಂಗಾಣಿ ಬಟ್ಟಲಿಗೆ ಅವರೇ ಬಗ್ಗಿಸಿದರು. ಗಾಣದ ಎಣ್ಣೆಯ ಹಾಗೆ ದಪ್ಪಗೆ ಇಳಿಯಿತು. ನೊರೆ ಬಿಳಿಯಾಗಿರಲಿಲ್ಲ, ಕಬ್ಬಿನ ಹಾಲು ಕುದಿಯುವಾಗ ಮೇಲೆ ಬರುವ ಕಂದು ನೊರೆಯಂತಿತ್ತು. ಬಟ್ಟಲನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿ ಹಿಡಿದರು. ನಡುವೆ ಕಾಡಿಗೆ ಕಪ್ಪು, ಅಂಚಿನಲ್ಲಿ ಮಾತ್ರ ನೇರಳೆ ಹಣ್ಣಿನ ರಸದ ಕೆಂಪು.

"ಮಗಳ, ಈ ಕಡಿ ತಿರಗು. ನಿನಗ ಒಂದೊಂದಽ ಹೇಳ್ಕೋತ ಕುಡೀತೀನಿ. ಅಂಜೂ ಹಂಥಾದ್ದೇನರ ಇದ್ರ ನೀ ಕುಡೀಬ್ಯಾಡ." ಮೂಗಿನ ಹತ್ತಿರ ತಂದರು. "ವಾಸನಿ ಕೇಳು. ಹಂಚಿನ ಮ್ಯಾಲ ರೊಟ್ಟಿ ಮರತಾಗ ಬರ್ತದಲ್ಲ, ಅದು. ಅದರ ಹಿಂದ ಬೆಲ್ಲ. ಕೊಪ್ಪರಿಗಿ ತಳಾ ಹಿಡದಿರೂ ಬೆಲ್ಲ."

ಒಂದು ಗುಟುಕು ಬಾಯಲ್ಲಿ ಹಿಡಿದರು. ಕಿವಿಗಳು ಹಿಂದಕ್ಕೆ ಹೋದವು. ಬಹಳ ಹೊತ್ತು ಹಾಗೆಯೇ ನಿಂತವು. ಆಮೇಲೆ ನಿಧಾನವಾಗಿ, ತಮಗೇ ನಂಬಿಕೆಯಿಲ್ಲದ ಹಾಗೆ, ಮೇಲಕ್ಕೆ ಬಂದವು.

"ಕಹಿ ಅದ. ಭಾಳ ಕಹಿ ಅದ. ಬೇವಿನ ಕಹಿ ಅಲ್ಲ, ಬೇವು ಬಾಯಿಗಿ ಹೊಡದ ಹೋಗ್ತದ. ಇದು ಮೆಂತೆ ಕರ್ರಗ ಹುರದಾಂಗ. ನಾಲಿಗಿ ಹಿಂದ ಹೋಗಿ ಕುಂತದ, ಏಳವಲ್ದು. ನಡಬರ್ಕ ಒಣದ್ರಾಕ್ಷಿ ಬಂತು ನೋಡು. ಜೇಷ್ಠಮಧು ಬಂತು. ಕಬ್ಬಿಣ ಕೊಡದಾಗ ಇಟ್ಟ ನೀರಿನ ರುಚಿ ಅದ ಜರಾ." ಎದೆ ಸವರಿಕೊಂಡರು. "ಈಗ ಎದಿಯೊಳಗ ಬೆಚ್ಚಗ ಆಗ್ಲಕತ್ತದ. ನಶಾ ಅದ ಇದ್ರಾಗ. ಅದೂ ಹೇಳಬೇಕಲ್ಲ ನಿನಗ. ಆ ಬಾದಶಹಾಗ ಏನ್ ಬ್ಯಾನಿ ಇತ್ತೋ, ಪಾಪ."

ನನಗೆ ನಗು ಬಂತು. ಎಷ್ಟೋ ದಿನಗಳ ಮೇಲೆ ನಕ್ಕದ್ದರಿಂದ ಹೊಟ್ಟೆ ನೋಯಿತು. ತಲೆಯೆತ್ತಿ ಹಿಡಿದು ಅತ್ತೆ ಕುಡಿಸಿದರು. ರುಚಿ ಗಿಚಿ ಏನೂ ತಿಳಿಯಲಿಲ್ಲ. ಬಾಯೆಲ್ಲ ಮಸಿ ಬಳಿದಂತಾಯಿತು. ಆದರೆ ಅದು ಹೊರಗೆ ಬರಲಿಲ್ಲ. ಒಂದು ವಾರದಲ್ಲಿ ಹೊಟ್ಟೆಯಲ್ಲಿ ಉಳಿದ ಮೊದಲ ವಸ್ತು ಅದು.

ಅಯ್ಯನವರು ಒಮ್ಮೆ ಕುಡಿದು ನಿಲ್ಲಿಸಬಹುದಿತ್ತು. ನಿಲ್ಲಿಸಗೊಡದವಳು ನಾನು. ಮರುದಿನ ಬಟ್ಟಲು ಬಂದಾಗ, "ನೀವು ಮೊದಲ ಕುಡದ್ರ ನಾ ಕುಡೀತೀನ್ರಿ ಅಯ್ಯನೋರ" ಎಂದೆ. ಅದರ ಮರುದಿನವೂ ಅದೇ. ಹನ್ನೊಂದು ದಿನವೂ ಅದೇ. ಹದಿನೆಂಟು ವರ್ಷದವಳ ಭಯವೆಂದು ಈಗ ಹೇಳಿಕೊಳ್ಳಬಹುದು. ಪಾಪದಲ್ಲಿ ಜೊತೆ ಬೇಕಿತ್ತು ನನಗೆ, ಅಷ್ಟೇ.

ಅವರು ಬೇಸರಿಸಲಿಲ್ಲ. ಪ್ರತಿದಿನ ಮಣೆ ಎಳೆದುಕೊಂಡು ಕುಳಿತು ಒಂದು ಗುಟುಕು ಕುಡಿದು ಹೇಳುತ್ತಿದ್ದರು. ತೆರೆದಿಟ್ಟ ಬಾಟಲಿಯದು ಎರಡನೆಯ ದಿನ ನೊರೆ ಸತ್ತು ಸಿಹಿ ಮುಂದೆ ಬರುತ್ತದೆ. ಮೂರನೆಯ ದಿನ ಹುಣಸೆಯ ಹುಳಿ ಹಣಿಕಿಕ್ಕುತ್ತದೆ. ಬೆಳಿಗ್ಗೆ ತಂಪಾಗಿದ್ದಾಗ ಕಹಿ ಒಂದೇ ತಿಳಿಯುತ್ತದೆ, ಮಧ್ಯಾಹ್ನದ ಸೆಕೆಗೆ ಬೆಚ್ಚಗಾದರೆ ಒಳಗಿನದೆಲ್ಲ ಬಿಚ್ಚಿಕೊಳ್ಳುತ್ತದೆ. ಮೂರನೆಯ ಬಾಟಲಿಯ ಬಿರಡೆ ಸಡಿಲಾಗಿತ್ತು, "ಇದು ಪೆಟ್ಟಿಗ್ಯಾಗ ಅಡ್ಡ ಬಿದ್ದಿತ್ತು, ಗಾಳಿ ತಾಕ್ಯದ" ಎಂದರು. ಡಾಕ್ಟರು ಬೆರಗಾಗಿ ನೋಡಿದರು. ಐದನೆಯ ದಿನ, ನುಂಗಿದ ಮೇಲೆ, ನಾಲಿಗೆಯ ನಡುವೆ ನನಗೂ ಆ ಒಣದ್ರಾಕ್ಷಿ ಸಿಕ್ಕಿತು. "ಸಿಕ್ತ್ರೀ!" ಎಂದು ಕೂಗಿದೆ. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಮುಂದೆಂದೂ ನೋಡಲಿಲ್ಲ.

ಎಂಟನೆಯ ದಿನ ಎದೆಯಲ್ಲಿ ಹಾಲು ಕಾಣಿಸಿತು. ಹನ್ನೊಂದನೆಯ ದಿನ ನಾನು ಎದ್ದು ಬಾಗಿಲ ತನಕ ನಡೆದೆ. ಅಂದೇ ದವಾಖಾನೆಯ ಆ ಕೋಣೆಯಲ್ಲಿ ಅಯ್ಯನವರು ನನ್ನ ಮಗಳಿಗೆ ಲಿಂಗ ಕಟ್ಟಿದರು. ಈಗಿನ ಡಾಕ್ಟರರಿಗೆ ಹೇಳಿದರೆ ನಗುತ್ತಾರೆ. ಆ ಪುಡಿಯಿಂದ ಬದುಕಿದ್ದೀರಿ, ಬಿಯರಿನಿಂದಲ್ಲ ಎನ್ನುತ್ತಾರೆ. ಇರಬಹುದು. ಆ ಪುಡಿ ಹೊಟ್ಟೆಯಲ್ಲಿ ನಿಂತದ್ದೂ ಆ ಬಟ್ಟಲು ನಿಂತ ಮೇಲೆಯೇ.

ಊರಿಗೆ ಬಂದ ಮೇಲೆ ಒಂದು ತಿಂಗಳು ಏನೂ ಆಗಲಿಲ್ಲ. ಆಮೇಲೆ ನಿಲಂಗಾದ ಒಂದು ಮನೆತನದಿಂದ ನನ್ನ ನಾದಿನಿಯನ್ನು ಕೇಳಲು ಬಂದರು. ಬಂದವರಲ್ಲಿ ಒಬ್ಬ, "ನಿಮ್ಮ ಮನ್ಯಾಗ ಯಾರೋ ಉದಗೀರದಾಗ ಗೋರಾನ ದಾರೂ ಕುಡದಾರಂತ?" ಎಂದು ಕೇಳಿದ. ದವಾಖಾನೆಯಲ್ಲಿ ನಾಲ್ಕು ಜನ ಓಡಾಡುತ್ತಾರೆ, ಮಾತು ಹೊರಟಿತ್ತು. ಮಾವ ಕ್ಷಣವೂ ತಡೆಯಲಿಲ್ಲ. "ಹೌದು, ನಮ್ಮ ಅಯ್ಯನೋರು ಕುಡದಾರ. ನಮಗೂ ಆಮ್ಯಾಲ ತಿಳೀತು. ಬಿಡೂದಿಲ್ಲ ನಾವು" ಎಂದರು.

ಮೂರು ದಿನ ಬಿಟ್ಟು ಬೆಳಿಗ್ಗೆ ನಮ್ಮ ಪಡಸಾಲೆಯಲ್ಲಿ ಪಂಚರು ಕೂಡಿದರು. ನಿಲಂಗಾದ ಬೀಗರೂ ಬಂದಿದ್ದರು. ಮಠದ ಮುಖ್ಯಸ್ಥರಾದ ಹಿರಿಯರು ನಡುವೆ ಕುಳಿತಿದ್ದರು. ನಾವು ಹೆಂಗಸರು ಒಳಬಾಗಿಲ ಹಿಂದೆ ಇದ್ದೆವು. ಕೂಸು ನನ್ನ ಎದೆ ಕಚ್ಚಿಕೊಂಡು ಹಾಲು ಕುಡಿಯುತ್ತಿತ್ತು.

"ಉದಗೀರದಾಗ ನೀವು ಶರಾಬ ಕುಡದೀರೇನು?" ಹಿರಿಯರು ಕೇಳಿದರು.

"ಕುಡದೀನಿ."

"ಎಷ್ಟ ಸಲ?"

"ಹನ್ನೊಂದ ಸಲ."

ಪಡಸಾಲೆಯಲ್ಲಿ ಗುಜುಗುಜು ಎದ್ದಿತು. "ಯಾಕ ಕುಡದ್ರಿ?"

ಅಯ್ಯನವರು ಒಳಬಾಗಿಲ ಕಡೆ ನೋಡಿದರು. ನಾನು ಸಂದಿಯಿಂದ ನೋಡುತ್ತಿದ್ದೆ, ನಮ್ಮ ಕಣ್ಣು ಕೂಡಿದವು. ನನ್ನ ಹೆಸರು ಹೇಳಿದರೆ ಮುಗಿಯುತ್ತಿತ್ತು. ಅವರು ಕಾದರು. ನಾನೇ ಹೇಳಲಿ ಎಂದು ಕಾದರು ಅನ್ನುವುದು ನನಗೆ ಆಗಲೇ ಗೊತ್ತಿತ್ತು. ಕೊನೆಗೆ ಮುಖ ತಿರುಗಿಸಿ, "ರುಚಿ ನೋಡಿನಿ" ಎಂದರು.

ಬೀಗರಲ್ಲೊಬ್ಬ ಮೀಸೆಯಡಿ ನಗುತ್ತ, "ಹ್ಯಾಂಗಿತ್ರೀ ಮತ್ತ ರುಚಿ?" ಎಂದ.

ಬೇರೆ ಯಾರಾದರೂ ಆಗಿದ್ದರೆ ಛೀ ಥೂ ಎಂದು ತಪ್ಪಿಸಿಕೊಳ್ಳುತ್ತಿದ್ದರು. ಅಯ್ಯನವರು ಸ್ವಲ್ಪ ಯೋಚಿಸಿದರು. "ಕಹಿ ಇತ್ತು. ಆದ್ರ ಛಲೋ ಇತ್ತು."

ಪಡಸಾಲೆಯೇ ಎದ್ದು ನಿಂತಿತು. ಗದ್ದಲದ ನಡುವೆ ಹಿರಿಯರು ಕೈಯೆತ್ತಿ ಸುಮ್ಮನಾಗಿಸಿ, ಒಳಬಾಗಿಲ ಕಡೆ ತಿರುಗಿ ಕೇಳಿದರು: "ಒಳಗಿರೂ ಸೊಸೀಗಿ ಕೇಳ್ತೀನಿ. ನಿನಗ ಡಾಕ್ಟರ ಏನ್ ದವಾ ಕೊಟ್ಟನವ್ವಾ?"

"ಪುಡಿ ಕೊಟ್ಟಾನ್ರಿ," ಎಂದು ಅತ್ತೆ ನನ್ನ ಪರವಾಗಿ ಕೂಗಿದರು. ನನ್ನ ತೋಳು ಹಿಡಿದ ಅವರ ಉಗುರು ಒಳಗೆ ಇಳಿಯುತ್ತಿತ್ತು.

"ಆಕೀನ ಹೇಳ್ಲಿ," ಎಂದರು ಹಿರಿಯರು.

"ಪುಡಿ ಕೊಟ್ಟಾರ್ರಿ," ಎಂದೆ ನಾನು.

ಅತ್ತೆ ತೋಳು ಬಿಟ್ಟರು. ಹೊರಗೆ ಅಯ್ಯನವರು ಜೋಳಿಗೆ ತೆಗೆದು ಹಿರಿಯರ ಮುಂದಿಟ್ಟು, ಅಂಗಳ ದಾಟಿ ಹೋದರು. ಅಂದೇ ಸಂಜೆಯೊಳಗೆ ಮಠದ ಕೋಣೆಗೆ ಬೇರೆಯ ಬೀಗ ಬಿತ್ತು. ಮರುದಿನದಿಂದ ಯಾವ ಮನೆಯವರೂ ಅವರಿಗೆ ಬಾಗಿಲು ತೆರೆಯಲಿಲ್ಲ. ಮೊದಲು ಮುಚ್ಚಿದ್ದು ನಮ್ಮ ಮನೆಯದು. ನಾದಿನಿಯ ಮದುವೆ ಆ ಬೇಸಗೆಯಲ್ಲಿ ಚೆನ್ನಾಗಿಯೇ ನಡೆಯಿತು.

ಆಮೇಲೆ ಏಳು ವರ್ಷ ಅವರು ಎಲ್ಲಿದ್ದಾರೆಂದು ನಾನು ಯಾರನ್ನೂ ಕೇಳಲಿಲ್ಲ. ಕೇಳಲು ಬಾಯಿ ಎಲ್ಲಿತ್ತು? ಏಳನೆಯ ವರ್ಷ ಉಮರ್ಗಾದಲ್ಲಿ ನಂಟರ ಮನೆಯ ಮದುವೆಗೆ ಹೋದಾಗ, ಪೇಟೆಯಲ್ಲಿ ಪುಟಾಣಿ ಹುರಿಯುವ ಭಟ್ಟಿಯ ಮುಂದೆ ಮಗಳು ಹಟ ಹಿಡಿದು ನಿಂತಳು. ಭಟ್ಟಿಯ ಮರಾಠಾ ಮಾಲೀಕ ತಕ್ಕಡಿ ಹಿಡಿದಿದ್ದ. ಒಳಗೆ ಹೊಗೆಯಲ್ಲಿ, ಬಿಸಿ ಮರಳಿನ ಬಾಣಲೆಯ ಮುಂದೆ ಕಡಲೆ ಕೈಯಾಡಿಸುತ್ತ ಕುಳಿತಿದ್ದವರು ಅಯ್ಯನವರು. ಕಾವಿ ಇರಲಿಲ್ಲ, ಮಾಸಿದ ಒಂದು ಪಂಚೆ. ಹುಬ್ಬು ಸುಟ್ಟುಹೋಗಿದ್ದವು. ಕೊರಳಲ್ಲಿ ಲಿಂಗ ಮಾತ್ರ ಹಾಗೆಯೇ ಇತ್ತು.

ಅವರು ನನ್ನನ್ನು ಗುರುತಿಸಿದರು. ಎದ್ದು ಹೊರಗೆ ಬಂದು, ಬೊಗಸೆ ತುಂಬ ಪುಟಾಣಿ ಮಗಳ ಕೈಗೆ ಸುರಿದು, "ಹ್ಯಾಂಗವ?" ಎಂದು ಕೇಳಿದರು. ಅವಳು ನಾಲ್ಕು ಕಾಳು ಅಗಿದು, "ಒಂದ ಕಾಳು ಕಹಿ ಅದ" ಎಂದಳು. ನಾನು ಅವಳ ಕೈ ಜಗ್ಗಿದೆ. ಅಯ್ಯನವರು, "ಜಗ್ಗಬ್ಯಾಡ. ಖರೇ ಹೇಳ್ಯಾಳ. ಒಂದ ಕಾಳು ಹೊತ್ತಿತ್ತು" ಎಂದರು.

ನಾನು ಅವರ ಕಾಲಿಗೆ ಬಾಗಿದೆ. ಎರಡು ಹೆಜ್ಜೆ ಹಿಂದೆ ಸರಿದರು.

"ತಪ್ಪಾಯ್ತ್ರಿ ಅಯ್ಯನೋರ," ಎಂದೆ.

ಅವರು ನನ್ನ ಮಗಳನ್ನು ನೋಡಿದರು. "ಕುಡದದ್ದಕ್ಕ ನನಗ ಏನೂ ಅನ್ನಿಸಿಲ್ಲ. ಊರ ಬಿಡಸಿದ್ದಕ್ಕೂ ಅಷ್ಟ ಅನ್ನಿಸಿಲ್ಲ," ಎಂದರು. "ಆವತ್ತ ನೀ ಒಂದ ಮಾತ ಅಂದಿದ್ರ ಸಾಕಿತ್ತವ್ವಾ."

ಕ್ಷಮಿಸಿದ್ದೇನೆ ಎನ್ನಲಿಲ್ಲ. ಅನ್ನಿಸಿರಲಿಲ್ಲ, ಅದಕ್ಕೇ ಅನ್ನಲಿಲ್ಲ. ಒಳಗೆ ಹೋಗಿ ಬಾಣಲೆಯ ಮುಂದೆ ಕುಳಿತರು. ಪುಟಾಣಿಗೆ ಎಷ್ಟು ಕೊಡಬೇಕೆಂದು ನಾನು ಕೇಳಿದಾಗ ಮಾಲೀಕ ಬೇಡವೆಂದು ಕೈಯಾಡಿಸಿದ.

ಅದಾದ ಎರಡನೆಯ ಮಳೆಗಾಲದಲ್ಲಿ ಅವರು ತೀರಿಕೊಂಡರು. ಸುದ್ದಿ ವಲಾಂಡಿಗೆ ಬರುವುದಕ್ಕೆ ಇಪ್ಪತ್ತು ದಿನ ಹಿಡಿಯಿತು. ಅವರನ್ನು ಕುಳ್ಳಿರಿಸಿ ಮಣ್ಣು ಮಾಡುವಾಗ ಕ್ರಿಯೆ ನಡೆಸಲು ಒಬ್ಬ ಜಂಗಮನೂ ಬರಲಿಲ್ಲವಂತೆ. ಭಟ್ಟಿಯವನೂ ತರಕಾರಿ ತೋಟದ ಒಬ್ಬ ಮುಸಲ್ಮಾನ ಬಾಗವಾನನೂ ಸೇರಿ ಕುಣಿ ತೋಡಿದರಂತೆ. ಕೊರಳ ಲಿಂಗವನ್ನು ತೆಗೆದು ಅಂಗೈಯಲ್ಲಿ ಇಡಬೇಕೆಂದು ಅವರಿಗೆ ತಿಳಿಯದೆ ಹಾಗೆಯೇ ಬಿಟ್ಟರಂತೆ. ನೂರಾರು ಜನರ ಅಂಗೈಯಲ್ಲಿ ಕೊನೆಯ ಸಲ ಲಿಂಗ ಇಟ್ಟ ಕೈ ಅಯ್ಯನವರದು.

ಸುದ್ದಿ ಕೇಳಿದ ಮರುದಿನ ಬೆಳಿಗ್ಗೆ ನಾನು ಯಾರಿಗೂ ಹೇಳದೆ ಮಠಕ್ಕೆ ಹೋದೆ. ಆಗ ಮಾವ ಇರಲಿಲ್ಲ, ತೀರಿಕೊಂಡು ಒಂದು ವರ್ಷವಾಗಿತ್ತು. ಹಿರಿಯರು ಅಂಗಳದ ಬಿಸಿಲಲ್ಲಿ ಕುಳಿತಿದ್ದರು, ಕಣ್ಣು ಮಂಜಾಗಿದ್ದವು. ನಾನು ಯಾರೆಂದು ಹೇಳಿದೆ. ಆಮೇಲೆ ಎಲ್ಲ ಹೇಳಿದೆ. ಕರಿ ಬಾಟಲಿ, ಮಾವ ಹಂಗಿಸಿದ್ದು, ನಾನು ಪ್ರತಿದಿನ ಅವರನ್ನು ಕುಡಿಯಲು ಹಚ್ಚಿದ್ದು, ಬಾಗಿಲ ಹಿಂದೆ ನಿಂತು ಪುಡಿ ಎಂದದ್ದು. ಶಿಕ್ಷೆ ಕೊಡಲಿ, ಬಹಿಷ್ಕಾರ ಹಾಕಲಿ, ಉಮರ್ಗಾದ ಆ ಕುಣಿಗೆ ಯಾರನ್ನಾದರೂ ಕಳಿಸಿ ಕ್ರಿಯೆ ಮಾಡಿಸಲಿ ಎಂದು ಕೇಳಿದೆ.

ಹಿರಿಯರು ವಿಭೂತಿಯ ಗಟ್ಟಿಯನ್ನು ಬೆರಳಲ್ಲಿ ಉಜ್ಜಿದರು.

"ಗೊತ್ತಿತ್ತವ್ವಾ," ಎಂದರು. "ಆವತ್ತ ಪಡಸಾಲ್ಯಾಗ ಕುಂತವರಿಗೆಲ್ಲಾ ಗೊತ್ತಿತ್ತು. ಅದಕ್ಕಽ ನಿನ್ನ ಬಾಯಿಂದ ಕೇಳಬೇಕಂತ ನಾ ಎರಡ ಸಲ ಕೇಳಿನಿ. ನೀ ಖರೇ ಅಂದಿದ್ರ ನಾ ಅವರ್ನ ಉಳಸ್ತಿದ್ದೆ. ನೀ ಪುಡಿ ಅಂದಿ."

ಕ್ರಿಯೆಗೆ ಯಾರನ್ನೂ ಕಳಿಸಲಿಲ್ಲ. ನನಗೆ ಶಿಕ್ಷೆಯನ್ನೂ ಕೊಡಲಿಲ್ಲ. ಬಿಸಿಲು ಏರುತ್ತದೆ, ಮನೆಗೆ ಹೋಗು ಎಂದರು. ನಾನು ಬಂದೆ. ಹೊಲಕ್ಕೆ ಬುತ್ತಿ ಕಟ್ಟುವ ಹೊತ್ತಾಗಿತ್ತು.

ಈಗ ಬೀದರದಲ್ಲಿ ಮಗಳ ಮನೆಯಲ್ಲಿದ್ದೇನೆ. ಮೊಮ್ಮಗಳು ಶಾಲೆಯಲ್ಲಿ ಕಲಿಸುತ್ತಾಳೆ, ನಾನು ಹೇಳಿದ್ದನ್ನು ಅವಳು ಬರೆದುಕೊಳ್ಳುತ್ತಿದ್ದಾಳೆ. ಮಗಳು, ಅವಳ ಐದು ಮಕ್ಕಳು, ಅವರ ಮಕ್ಕಳು, ಎಲ್ಲ ಆ ದವಾಖಾನೆಯ ಕೋಣೆಯಿಂದ ಎದ್ದು ಬಂದವರು. ಹೋದ ವರ್ಷ ಅಳಿಯನನ್ನು ಕರೆದುಕೊಂಡು ಉಮರ್ಗಾಕ್ಕೆ ಹೋಗಿ ಆ ಜಾಗ ಹುಡುಕಿದೆ. ಭಟ್ಟಿ ಇರಲಿಲ್ಲ. ಬಾಗವಾನನ ಮಗ ಸಿಕ್ಕ. ತೋಟದ ಬದುವಿನಲ್ಲಿ ಎಲ್ಲೋ ಇಟ್ಟಿದ್ದರೆಂದು ಅಪ್ಪ ಹೇಳುತ್ತಿದ್ದ, ಈಗ ಬದುವನ್ನೇ ತೆಗೆದು ಗೆಣಸು ಹಾಕಿದ್ದೇವೆ ಎಂದ. ಎಲ್ಲಿ ಕೈ ಮುಗಿಯಬೇಕೆಂದು ತಿಳಿಯದೆ ಇಡೀ ಹೊಲಕ್ಕೆ ಕೈ ಮುಗಿದು ಬಂದೆ.